ಅತ್ತೆಗೆ ಏನು ಕೊಡಲಿ? ಅವರಿಗೆ ಗಿಡವೂ ಇಷ್ಟ, ಜಾಮೂ ಇಷ್ಟ

ಪ್ರಶ್ನೆ: ಅಕ್ಕಾ, ನಮಸ್ತೆ. ನಮ್ಮ ಅತ್ತೆಗೆ ಮುಂದಿನ ತಿಂಗಳು ಅರವತ್ತು ತುಂಬುತ್ತೆ. ಸೀರೆ, ಒಡವೆ ಮೇಲೆ ಅವರಿಗೆ ಅಷ್ಟೇನೂ ಆಸೆಯಿಲ್ಲ. ಬೆಳಗ್ಗೆ ಎದ್ದು ಟೆರೇಸಿಗೆ ಹೋದರೆ ತಿಂಡಿ ಹೊತ್ತಿಗೇ ಕೆಳಗೆ ಇಳಿಯೋದು. ಸೀಬೆ, ನಿಂಬೆ, ಕರಿಬೇವು, ಟೊಮ್ಯಾಟೊ, ದಾಸವಾಳ ಎಲ್ಲ ಸೇರಿ ನಲವತ್ತು ಕುಂಡ ಇಟ್ಟಿದ್ದಾರೆ. ಹಣ್ಣಿನ ಕಾಲ ಬಂತು ಅಂದರೆ ಜಾಮ್ ಮಾಡಿ ಬೀದಿಗೆಲ್ಲ ಹಂಚುತ್ತಾರೆ. ಹೋದ ವರ್ಷ ಆನ್‌ಲೈನಲ್ಲಿ ಒಂದು ಗುಲಾಬಿ ಬಣ್ಣದ ಗಾರ್ಡನ್ ಸೆಟ್ ತರಿಸಿಕೊಟ್ಟೆ. ಮೊದಲ ದಿನ ಮಣ್ಣಿಗೆ ಹಾಕಿದ್ದೇ ತಡ, ಕೈಸಲಿಕೆಯ ಕತ್ತು ಬಾಗಿಹೋಯಿತು. ಅತ್ತೆ ಏನೂ ಅನ್ನಲಿಲ್ಲ. ತೊಳೆದು ಒರೆಸಿ ಡಬ್ಬಿಯಲ್ಲೇ ಇಟ್ಟುಬಿಟ್ಟರು. ನನಗೆ ತುಂಬಾ ಬೇಜಾರಾಯಿತು. ಈಗಲೂ ಅಡುಗೆಮನೆ ಕತ್ತರಿಯಲ್ಲೇ ಕೊಂಬೆ ಕತ್ತರಿಸುತ್ತಾರೆ, ಹಳೇ ಹಿಂಡಾಲಿಯಂ ಪಾತ್ರೆಯಲ್ಲೇ ಜಾಮ್ ಕಾಯಿಸುತ್ತಾರೆ. ನಾನು ಮೂರು ಸಾವಿರದವರೆಗೆ ಖರ್ಚು ಮಾಡಬಲ್ಲೆ. ಏನು ಕೊಡಲಿ?
— ಒಬ್ಬ ಸೊಸೆ, ಬನಶಂಕರಿ ಮೂರನೇ ಹಂತ

ಉತ್ತರ: ಮೊದಲು ಆ ಸೆಟ್ಟಿನ ಬೇಜಾರು ಬಿಟ್ಟುಬಿಡಿ. ಬಾಗಿದ ಸಲಿಕೆಯನ್ನು ಯಾರಾದರೂ ತೊಳೆದು ಒರೆಸಿ ಇಡುತ್ತಾರಾ? ಸೊಸೆ ಕೊಟ್ಟಿದ್ದು ಅಂತ ಇಟ್ಟಿದ್ದಾರೆ. ಇನ್ನು ಈ ಸಲ ಏನು ಕೊಡಬೇಕು ಅನ್ನೋದನ್ನು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಅಡುಗೆಮನೆ ಕತ್ತರಿ, ಹಿಂಡಾಲಿಯಂ ಪಾತ್ರೆ. ಅಲ್ವಾ?

ಗಿಡ ಬೆಳೆಸುವವರನ್ನೂ ಜಾಮ್, ಉಪ್ಪಿನಕಾಯಿ ಮಾಡಿ ಹಂಚುವವರನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಗೊಬ್ಬರಕ್ಕೆ ದುಡ್ಡು ಕೊಡುತ್ತಾರೆ, ಐದು ಕೆಜಿ ಸಕ್ಕರೆ ತರುತ್ತಾರೆ, ಹಂಚೋಕೆ ಬಾಟಲಿ ಕೂಡಿಡುತ್ತಾರೆ, ಆದರೆ ತಮ್ಮ ಕೈಗೆ ದಿನವೂ ಬೇಕಾದ ಸಾಮಾನನ್ನು ಮಾತ್ರ ‘ಹೇಗೋ ನಡೆಯುತ್ತೆ ಬಿಡು’ ಅಂತ ಮುಂದೂಡುತ್ತಲೇ ಇರುತ್ತಾರೆ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಒಂದು ದಿನ ಕಾಫಿ ಲೋಟ ಹಿಡಿದುಕೊಂಡು ಅವರ ಹಿಂದೆಯೇ ಟೆರೇಸಿಗೆ ಹೋಗಿ. ಏನೂ ಕೇಳಬೇಡಿ, ಸುಮ್ನೆ ನೋಡಿ. ಯಾವುದಕ್ಕೆ ದಾರ ಸುತ್ತಿದ್ದಾರೆ, ಯಾವುದರ ಹಿಡಿ ಅಲ್ಲಾಡುತ್ತದೆ, ಯಾವ ಕುಂಡದ ಹತ್ತಿರ ಬಗ್ಗುವಾಗ ಸೊಂಟ ಹಿಡಿದುಕೊಳ್ಳುತ್ತಾರೆ. ಮೂರು ಸಾವಿರ ಎಲ್ಲಿ ಹಾಕಬೇಕು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕತ್ತರಿಯಿಂದ ಶುರು ಮಾಡೋಣ. ನರ್ಸರಿಯವರನ್ನು ಸಿಕೇಚರ್ ಕೊಡಿ ಅಂತ ಕೇಳಿ. ಎರಡು ಥರ ಬರುತ್ತವೆ. ಒಂದರಲ್ಲಿ ಎರಡು ಅಲಗು ಮಾಮೂಲಿ ಕತ್ತರಿಯಂತೆ ಒಂದರ ಪಕ್ಕ ಒಂದು ಸರಿಯುತ್ತವೆ. ಇನ್ನೊಂದರಲ್ಲಿ ಮೇಲಿನ ಅಲಗು ಕೆಳಗಿನ ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ನಿಮಗೆ ಮೊದಲನೆಯದು ಬೇಕು. ಎರಡನೆಯದು ಒಣಗಿದ ಕಡ್ಡಿಗೆ ಸರಿ, ಹಸಿ ಕೊಂಬೆಯನ್ನು ಜಜ್ಜಿಬಿಡುತ್ತದೆ, ಜಜ್ಜಿದ ಜಾಗ ಬೇಗ ಮಾಯುವುದಿಲ್ಲ. ಅತ್ತೆಯ ಸೀಬೆ ಗಿಡಕ್ಕೆ ಒಳ್ಳೆ ಕತ್ತರಿ ಬೇಕೇ ಬೇಕು. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಣ್ಣು ಮುಗಿದ ಮೇಲೆ ತುದಿ ಸವರಿದರೆ ಹೊಸ ಚಿಗುರು, ಆ ಚಿಗುರಿನಲ್ಲಿ ಮತ್ತೆ ಹೂ. ಕುಂಡದ ಗಿಡ ಕೈಗೆಟುಕುವ ಎತ್ತರದಲ್ಲೂ ಉಳಿಯುತ್ತದೆ.

ಇದನ್ನು ಆನ್‌ಲೈನಲ್ಲಿ ತರಿಸಬೇಡಿ. ನಿಮ್ಮ ಮನೆಯಿಂದ ಲಾಲ್‌ಬಾಗ್ ಪಕ್ಕದ ಸಿದ್ದಾಪುರ ದೂರವೇನಿಲ್ಲ, ಅಲ್ಲಿ ಸಾಲಾಗಿ ನರ್ಸರಿಗಳಿವೆ. ಕೈಯಲ್ಲಿ ಹಿಡಿದು ಹತ್ತು ಸಲ ಮುಚ್ಚಿ ತೆರೆದು ನೋಡಿ. ಸ್ಪ್ರಿಂಗ್ ಬಿಗಿಯಾಗಿದ್ದರೆ ನಿಮ್ಮ ಕೈಗೇನೂ ಅನ್ನಿಸುವುದಿಲ್ಲ, ಅರವತ್ತರ ಬೆರಳಿಗೆ ನೋವಾಗುತ್ತದೆ. ಹಿಡಿ ತೀರಾ ಅಗಲ ಇರಬಾರದು. ಆರೇಳು ನೂರರ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ಕತ್ತರಿಯನ್ನು ಕೈಯಿಂದ ಕೈಗೆ ಕೊಡಬಾರದು ಅನ್ನುವವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ಅರಿಶಿನ ಕುಂಕುಮ ಇಟ್ಟು ಅದರ ಪಕ್ಕದಲ್ಲಿ ಕತ್ತರಿ ಇಡಿ, ಅವರೇ ಎತ್ತಿಕೊಳ್ಳಲಿ. ನೋಡೋಕೂ ಚೆನ್ನಾಗಿರುತ್ತದೆ.

ಆಮೇಲೆ ಪಾತ್ರೆ. ಹಿಂಡಾಲಿಯಂ ಅಂದರೆ ಅಲ್ಯೂಮಿನಿಯಂ ಬೆರಕೆ. ದ್ರಾಕ್ಷಿ, ಅನಾನಸ್ಸು, ನಿಂಬೆರಸ ಎಲ್ಲ ಹುಳಿ. ಹುಳಿಯನ್ನು ಅದರಲ್ಲಿ ಅಷ್ಟು ಹೊತ್ತು ಕುದಿಸಿದರೆ ಲೋಹ ಸ್ವಲ್ಪ ಸ್ವಲ್ಪ ಬಿಡುತ್ತದೆ, ಬಣ್ಣ ಮಂಕಾಗುತ್ತದೆ, ರುಚಿಯಲ್ಲೂ ಒಂಥರಾ ಬದಲಾವಣೆ ಬರುತ್ತದೆ. ದಪ್ಪ ತಳದ ಸ್ಟೀಲ್ ಪಾತ್ರೆ ಕೊಡಿ. ಬಾಯಿ ಅಗಲವಾಗಿರಲಿ, ಆಳ ಮಾತ್ರ ಜಾಸ್ತಿ ಬೇಡ. ನೀರು ಬೇಗ ಆವಿಯಾದಷ್ಟೂ ಹಣ್ಣಿನ ಬಣ್ಣ, ಪರಿಮಳ ಉಳಿಯುತ್ತದೆ. ಹಾಗಂತ ತೀರಾ ಚಿಕ್ಕದನ್ನೂ ತರಬೇಡಿ, ಜಾಮ್ ಕುದಿಯುವಾಗ ಹಾಲಿನಂತೆ ಉಕ್ಕಿ ಬರುತ್ತದೆ. ಹಣ್ಣು ಸಕ್ಕರೆ ಹಾಕಿದಾಗ ಪಾತ್ರೆಯ ಮೂರನೇ ಒಂದು ಭಾಗ ಮಾತ್ರ ತುಂಬಬೇಕು. ಚಿಕ್ಕಪೇಟೆ ಕಡೆ ಪಾತ್ರೆ ಅಂಗಡಿಗಳಲ್ಲಿ ತೂಕಕ್ಕೆ ಕೊಡುತ್ತಾರೆ, ತಳ ತಟ್ಟಿ ನೋಡಿ ತನ್ನಿ. ದುಡ್ಡು ಉಳಿದರೆ ಅಗಲ ಬಾಯಿಯ ಸ್ಟೀಲ್ ಆಲಿಕೆ ಒಂದು, ಉದ್ದ ಹಿಡಿಯ ಮರದ ಸೌಟು ಒಂದು. ಜಾಮ್ ಗಟ್ಟಿಯಾಗುವಾಗ ಸಿಡಿಯುತ್ತದಲ್ಲ, ಮೋಟು ಸೌಟು ಹಿಡಿದವರ ಮುಂಗೈ ನೋಡಿದರೆ ಗೊತ್ತಾಗುತ್ತದೆ.

ನನ್ನನ್ನು ಕೇಳಿದರೆ ಈ ಎಲ್ಲದಕ್ಕಿಂತ ಮೇಲಿನ ಉಡುಗೊರೆ ಒಂದಿದೆ. ಅಡುಗೆಯ ಥರ್ಮಾಮೀಟರ್, ಉದ್ದ ಕಡ್ಡಿ ಇರುತ್ತದಲ್ಲ ಅದು. ಐನೂರು ರೂಪಾಯಿ ಹತ್ತಿರ ಆಗಬಹುದು. ಅದರ ಜೊತೆ ನಿಮ್ಮ ಕೈಬರಹದಲ್ಲಿ ಒಂದು ಚೀಟಿ ಇಡಿ. ಏನು ಬರೆಯಬೇಕು ಅಂತ ಹೇಳುತ್ತೇನೆ. ಜಾಮ್ 105 ಡಿಗ್ರಿಗೆ ಬಂದರೆ ಹದ ಆಯಿತು ಅಂತ ಎಲ್ಲ ಕಡೆ ಬರೆದಿರುತ್ತದೆ. ಅದು ಸಮುದ್ರದ ಮಟ್ಟದಲ್ಲಿರುವ ಊರಿನ ಲೆಕ್ಕ. ನಮ್ಮ ಬೆಂಗಳೂರು 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಸಕ್ಕರೆ ಪಾಕ ಗಟ್ಟಿಯಾದಂತೆ ಅದು ಕುದಿಯುವ ಬಿಸಿಯೂ ಏರುತ್ತಾ ಹೋಗುತ್ತದೆ, ನೀರು ಕುದಿಯುವ ಬಿಸಿಗಿಂತ ನಾಲ್ಕೂವರೆ ಡಿಗ್ರಿ ಮೇಲೆ ಹೋದಾಗ ಜಾಮ್ ಹದಕ್ಕೆ ಬಂದಿರುತ್ತದೆ. ಅಂದರೆ ನಮ್ಮಲ್ಲಿ 101, 102ಕ್ಕೇ ಇಳಿಸಬೇಕು.

ಇದು ಗೊತ್ತಿಲ್ಲದೆ ನಾನೊಂದು ಸಲ ಅನಾನಸ್ ಜಾಮ್ ಹಾಳು ಮಾಡಿಕೊಂಡೆ. ಥರ್ಮಾಮೀಟರ್ ಹೊಸದು, 105 ಬರಲಿ ಅಂತ ಕಾಯುತ್ತಾ ನಿಂತೆ. 102 ದಾಟಿತು, 103 ಆಯಿತು. ಬಂಗಾರದ ಬಣ್ಣ ನಿಧಾನಕ್ಕೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಸಣ್ಣ ಗುಳ್ಳೆಗಳು ಹೋಗಿ ದಪ್ಪ ದಪ್ಪ ಗುಳ್ಳೆ ಎದ್ದು ಪಟ್ ಪಟ್ ಅಂತ ಒಡೆಯತೊಡಗಿದವು. ಕಣ್ಣಿಗೆ ಕಾಣುತ್ತಿದ್ದರೂ ಅಂಕಿಯನ್ನೇ ನಂಬಿದೆ. ಮಾರನೇ ದಿನ ಬಾಟಲಿಗೆ ಚಮಚ ಇಳಿಯಲಿಲ್ಲ. ಮೂರು ಹಣ್ಣು ಹೆಚ್ಚಿ, ಕಣ್ಣು ಬಿಡಿಸಿ, ಅರ್ಧ ದಿನ ಮಾಡಿದ ಕೆಲಸ ಅದು. ಅದಕ್ಕೇ ಚೀಟಿಯಲ್ಲಿ ಇಷ್ಟು ಬರೆಯಿರಿ: ‘ಅತ್ತೆ, ಮೊದಲು ಬರೀ ನೀರು ಕುದಿಸಿ ಎಷ್ಟು ತೋರಿಸುತ್ತೆ ನೋಡಿ. ಅದಕ್ಕೆ ನಾಲ್ಕೂವರೆ ಕೂಡಿಸಿ. ಅಲ್ಲಿಗೆ ಬಂದ ಕೂಡಲೇ ಇಳಿಸಿ.’ ಥರ್ಮಾಮೀಟರ್ ಒಂದೆರಡು ಡಿಗ್ರಿ ತಪ್ಪು ತೋರಿಸುವಂಥದ್ದಾದರೂ ಈ ಲೆಕ್ಕದಲ್ಲಿ ಅದು ಸರಿಹೋಗುತ್ತದೆ. ಅವರು ಇಷ್ಟು ವರ್ಷ ತಟ್ಟೆಯ ಮೇಲೆ ಒಂದು ಹನಿ ಹಾಕಿ, ಆರಿದ ಮೇಲೆ ಬೆರಳಲ್ಲಿ ತಳ್ಳಿ, ಮೇಲೆ ಸುಕ್ಕು ಬರುತ್ತಾ ಅಂತ ನೋಡುತ್ತಿರಬಹುದು. ಅದನ್ನೂ ಬಿಡುವುದು ಬೇಡ. ಎರಡೂ ಇದ್ದರೆ ಧೈರ್ಯ.

ಕಾಸಿಲ್ಲದ ಉಡುಗೊರೆಯೂ ಒಂದಿದೆ, ಅದನ್ನು ನಿಮ್ಮ ಯಜಮಾನರಿಗೆ ಹೇಳಿ. ನಲವತ್ತು ಕುಂಡ ಅಂದರೆ ವರ್ಷಕ್ಕೊಂದು ಸಲವಾದರೂ ಹಳೇ ಮಣ್ಣು ಸುರಿದು, ಬೇರು ಬಿಡಿಸಿ, ಹೊಸ ಗೊಬ್ಬರ ಸೇರಿಸಿ ತುಂಬಬೇಕು. ಮೂಟೆಗಳನ್ನು ಮೆಟ್ಟಿಲು ಹತ್ತಿಸಿ ಒಯ್ಯುವವರು ಯಾರು? ಮಳೆ ಶುರುವಾಗುವ ಮುಂಚೆ ಒಂದು ಭಾನುವಾರ ಮಗ ಆ ಕೆಲಸ ಮಾಡಿಕೊಡಲಿ. ಕೆಮ್ಮಣ್ಣು, ಎರೆಹುಳು ಗೊಬ್ಬರ, ನೆನೆಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಮ ಸಮ, ಮೇಲೆ ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ದೊಡ್ಡ ಕುಂಡಗಳನ್ನು ಟೆರೇಸಿನ ಕೆಳಗೆ ತೊಲೆ ಇರುವ ಕಡೆ, ಗೋಡೆಯ ಪಕ್ಕಕ್ಕೆ ಬರುವಂತೆ ಸರಿಸಿಕೊಡಲಿ, ನೀರುಂಡ ಮಣ್ಣಿನ ಭಾರ ಟೆರೇಸಿನ ನಡುವೆ ಬೀಳುವುದು ಒಳ್ಳೆಯದಲ್ಲ. ಇಷ್ಟು ಮಾಡಿಕೊಟ್ಟರೆ ಅತ್ತೆ ಅದನ್ನು ಮಳೆಗಾಲ ಪೂರ್ತಿ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡುತ್ತಾರೆ.

ಗಿಡವನ್ನೇ ಕೊಡಬೇಕು ಅನ್ನಿಸಿದರೆ ಹಿಪ್ಪುನೇರಳೆ ಕೊಡಿ. ರೇಷ್ಮೆಹುಳುವಿಗೆ ಸೊಪ್ಪಿಗಾಗಿ ಬೆಳೆಸುವ ತಳಿ ಬೇಡ, ಹಣ್ಣಿನ ತಳಿ ಅಂತ ಕೇಳಿ ತನ್ನಿ. ದೊಡ್ಡ ಗ್ರೋ ಬ್ಯಾಗಿನಲ್ಲಿ ಚೆನ್ನಾಗಿ ಬರುತ್ತದೆ, ಸವರಿದಾಗೆಲ್ಲ ಚಿಗುರಿನ ಜೊತೆಗೇ ಕಾಯಿ ಬಿಡುತ್ತದೆ. ಈ ಹಣ್ಣು ಅಂಗಡಿಯಲ್ಲಿ ಸಿಗುವುದೇ ಅಪರೂಪ, ಯಾಕೆಂದರೆ ಕಿತ್ತ ಮಾರನೇ ದಿನಕ್ಕೆ ನೀರಾಗುತ್ತದೆ. ದಿನಕ್ಕೊಂದು ಹಿಡಿ ಬಿಡಿಸಿ ಫ್ರೀಜರಿನಲ್ಲಿ ಕೂಡಿಡುತ್ತಾ ಹೋದರೆ ಒಂದು ಬಾಟಲಿ ಜಾಮಿಗಾಗುತ್ತದೆ. ನಿಂಬೆರಸ ಮರೆಯಬಾರದು, ಹುಳಿ ಇಲ್ಲದಿದ್ದರೆ ಗಟ್ಟಿಯಾಗುವುದಿಲ್ಲ. ಈಗಿರುವ ಸೀಬೆಯ ತಿರುಳು ಬಿಳಿ ಆಗಿದ್ದರೆ ಇನ್ನೊಂದು ದಾರಿ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ಕಿರಣ್ ಅನ್ನುವ ತಳಿ ಕೊಟ್ಟಿದ್ದಾರೆ, ಒಳಗೆ ಕೆಂಪು ತಿರುಳು. ಅದರ ಜೆಲ್ಲಿಯನ್ನು ಬಿಸಿಲಿಗೆ ಹಿಡಿದು ನೋಡಬೇಕು, ಅಷ್ಟು ಚೆಂದ. ಟೊಮ್ಯಾಟೊ ಬೀಜ ಕೊಡುವುದಾದರೆ ಅವರದ್ದೇ ಅರ್ಕಾ ವಿಕಾಸ್ ಒಳ್ಳೆಯದು, ಹೈಬ್ರಿಡ್ ಅಲ್ಲವಾದ್ದರಿಂದ ಅತ್ತೆ ಬೀಜ ಎತ್ತಿಟ್ಟು ಮುಂದಿನ ವರ್ಷಕ್ಕೂ ಹಾಕಬಹುದು.

ಎಲ್ಲವನ್ನೂ ಒಟ್ಟಿಗೆ ಕೊಡಬೇಕಿಲ್ಲ. ಕತ್ತರಿ, ಪಾತ್ರೆ, ಥರ್ಮಾಮೀಟರ್, ಮೂರು ಸಾವಿರ ಅಲ್ಲಿಗೆ ಸರಿಹೋಗುತ್ತದೆ. ಆ ಬಾಗಿದ ಸಲಿಕೆಯನ್ನು ಮಾತ್ರ ಎಸೆಯಬೇಡಿ, ಕತ್ತು ನೇರ ಮಾಡಿಸಿದರೆ ಚೀಲದಿಂದ ಗೊಬ್ಬರ ತೋಡೋಕೆ ಆಗುತ್ತದೆ.

ಪ್ರಶ್ನೆ: ಗೆಳತಿ ವೈಟ್‌ಫೀಲ್ಡಿನಲ್ಲಿ ಫ್ಲ್ಯಾಟ್ ತಗೊಂಡಿದ್ದಾಳೆ, ಫೆಬ್ರವರಿಯಲ್ಲಿ ಗೃಹಪ್ರವೇಶ. ಈಚೆಗೆ ಅವಳಿಗೆ ಜಾಮ್ ಮಾಡುವ ಹುಚ್ಚು ಹತ್ತಿದೆ. ಅವಳೇ ಬೆಳೆದು ಅವಳೇ ಜಾಮ್ ಮಾಡಲಿ ಅಂತ ಸ್ಟ್ರಾಬೆರಿ ಗಿಡ ಕೊಡೋಣ ಅಂದುಕೊಂಡಿದ್ದೇನೆ. ಎಂಟನೇ ಮಹಡಿ, ಬಾಲ್ಕನಿಗೆ ಬೆಳಗ್ಗೆ ಎರಡು ಮೂರು ಗಂಟೆ ಬಿಸಿಲು ಬರುತ್ತೆ. ಆಗುತ್ತಾ?
— ಗೆಳತಿಯೊಬ್ಬಳು, ಇಂದಿರಾನಗರ

ಉತ್ತರ: ಆಗುವುದಿಲ್ಲಮ್ಮಾ, ನೇರವಾಗಿಯೇ ಹೇಳುತ್ತೇನೆ. ಹಣ್ಣು ಬಿಡುವ ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಎರಡು ಗಂಟೆ ಬಿಸಿಲಲ್ಲಿ ಸ್ಟ್ರಾಬೆರಿ ಎಲೆ ಬಿಡುತ್ತದೆ, ಒಂದೋ ಎರಡೋ ಹಣ್ಣು ಕೊಟ್ಟೀತು. ಒಂದು ಬಾಟಲಿ ಜಾಮಿಗೆ ಅರ್ಧ ಕೆಜಿ ಹಣ್ಣು ಬೇಕು. ಪಾಪ, ಅವಳು ದಿನಾ ಬೆಳಗ್ಗೆ ಎದ್ದು ಗಿಡ ನೋಡಿ ನಾನೇನು ತಪ್ಪು ಮಾಡಿದೆ ಅಂದುಕೊಳ್ಳುತ್ತಾಳೆ. ಅಂಥ ಉಡುಗೊರೆ ಬೇಡ.

ಆ ಬಿಸಿಲಿಗೆ ಪುದೀನ, ದೊಡ್ಡಪತ್ರೆ ಹೊಂದುತ್ತವೆ. ಪುದೀನ ಕುಂಡ ಕೊಡಿ, ಅನಾನಸ್ ಜಾಮ್ ಇಳಿಸುವ ಹೊತ್ತಿಗೆ ನಾಲ್ಕು ಎಲೆ ಹಾಕಿ ತೆಗೆದರೆ ಘಮ್ಮನ್ನುತ್ತದೆ. ಅದರ ಜೊತೆಗೆ ಹಣ್ಣನ್ನೇ ಕೊಡಿ. ಫೆಬ್ರವರಿ ಅಂದರೆ ದ್ರಾಕ್ಷಿ ಕಾಲ, ಬೆಂಗಳೂರು ನೀಲಿ ದ್ರಾಕ್ಷಿ ಬಂದಿರುತ್ತದೆ. ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆಯ ಹಣ್ಣು, ಈ ಸೀಮೆಯದ್ದೇ ಬೆಳೆ ಅಂತ ಗುರುತಿಸುವ ಭೌಗೋಳಿಕ ಸೂಚ್ಯಂಕದ (ಜಿಐ) ಮಾನ್ಯತೆಯೂ ಇದಕ್ಕಿದೆ. ಬೀಜ ಇದೆ, ಸಿಪ್ಪೆ ದಪ್ಪ ಅಂತ ಈಗಿನ ಮಕ್ಕಳು ಬೀಜವಿಲ್ಲದ್ದನ್ನೇ ತಿನ್ನುತ್ತಾರೆ. ಜಾಮಿಗೆ ಮಾತ್ರ ಇದಕ್ಕೆ ಸಮ ಇಲ್ಲ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಎರಡು ಕೆಜಿ ತಗೊಂಡು, ಬಿದಿರು ಬುಟ್ಟಿಯಲ್ಲಿ ಹಾಕಿ, ಮೇಲೆ ನಾಲ್ಕು ಖಾಲಿ ಗಾಜಿನ ಬಾಟಲಿ ಇಡಿ. ಮಾಡುವ ರೀತಿಯನ್ನೂ ಬರೆದುಕೊಡಿ.

ಒಂದೊಂದೇ ಹಣ್ಣನ್ನು ಎರಡು ಬೆರಳಲ್ಲಿ ಹಿಸುಕಿದರೆ ಹಸಿರು ತಿರುಳು ಪುಳಕ್ ಅಂತ ಆಚೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆ ಒಂದು ಕಡೆ, ತಿರುಳು ಒಂದು ಕಡೆ. ತಿರುಳನ್ನು ಹತ್ತು ನಿಮಿಷ ಬೇಯಿಸಿ ಜರಡಿಯಲ್ಲಿ ಉಜ್ಜಿದರೆ ಬೀಜ ಮೇಲೆ ನಿಲ್ಲುತ್ತದೆ. ಆಮೇಲೆ ಸಿಪ್ಪೆಯನ್ನು ಅದೇ ತಿರುಳಿಗೆ ಹಾಕಿ ಮೆತ್ತಗಾಗುವವರೆಗೆ ಬೇಯಿಸಿ, ಆಮೇಲೇ ಸಕ್ಕರೆ. ಸಿಪ್ಪೆ ಹಾಕಿದ ಎರಡೇ ನಿಮಿಷಕ್ಕೆ ಪಾತ್ರೆಯೆಲ್ಲ ಕಡು ನೇರಳೆ. ಇಬ್ಬರೂ ಕೂತು ಹಿಸುಕಿದರೆ ಒಂದು ಗಂಟೆ ಕೆಲಸ, ಹೊಸ ಮನೆಯಲ್ಲಿ ಮಾತಾಡೋಕೂ ಆಗುತ್ತದೆ. ಬಿಳಿ ಬಟ್ಟೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ನಿವೃತ್ತ ನೌಕರ. ಮನೆಯ ಪರಂಗಿ, ಸೀಬೆ ಹಣ್ಣಲ್ಲಿ ಜಾಮ್ ಮಾಡಿ ದೀಪಾವಳಿಗೆ ಹನ್ನೆರಡು ಮನೆಗೆ ಕೊಟ್ಟೆ. ಬಹಳ ಜನಕ್ಕೆ ಶುಗರ್ ಇದೆ ಅಂತ ಸಕ್ಕರೆ ಅರ್ಧಕ್ಕರ್ಧ ಕಡಿಮೆ ಹಾಕಿದ್ದೆ. ಮೂರು ವಾರಕ್ಕೆ ಇಬ್ಬರು ಫೋನ್ ಮಾಡಿ ಬೂಷ್ಟು ಬಂದಿದೆ ಅಂದರು. ಮನಸ್ಸಿಗೆ ಬಹಳ ನೋವಾಯಿತು. ಕೊಡೋದನ್ನೇ ನಿಲ್ಲಿಸಲಾ?
— ಹಿರಿಯ ಓದುಗರು, ರಾಜಾಜಿನಗರ

ಉತ್ತರ: ನಿಲ್ಲಿಸಬೇಡಿ ಸರ್. ನೀವು ಒಳ್ಳೆಯದನ್ನು ಯೋಚಿಸಿಯೇ ಸಕ್ಕರೆ ಕಡಿಮೆ ಮಾಡಿದಿರಿ, ಕಾರಣವೂ ಅಲ್ಲೇ ಇದೆ. ಜಾಮಿನಲ್ಲಿ ಸಕ್ಕರೆ ಬರೀ ಸಿಹಿಗಲ್ಲ, ಅದೇ ಕಾವಲು. ಹಣ್ಣಿನ ನೀರನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟಿಗೆ ಬೆಳೆಯೋಕೆ ನೀರು ಸಿಗುವುದಿಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲೂ ಜಾಮ್ ಅನ್ನಬೇಕಾದರೆ ಕರಗಿದ ಘನಾಂಶ 65 ಶೇಕಡಕ್ಕಿಂತ ಕಡಿಮೆ ಇರಬಾರದು ಅಂತಿದೆ. ಅದರಲ್ಲಿ ಬಹುಪಾಲು ಸಕ್ಕರೆಯೇ. ಅರ್ಧ ಸಕ್ಕರೆಯದ್ದು ತಪ್ಪೇನಲ್ಲ, ಆದರೆ ಅದು ಫ್ರಿಡ್ಜಿನ ಜಾಮ್. ಹೊರಗಿಟ್ಟರೆ ಕೆಡುತ್ತದೆ.

ಆ ಇಬ್ಬರಿಗೂ ಫೋನ್ ಮಾಡಿ ಪೂರ್ತಿ ಎಸೆಯೋಕೆ ಹೇಳಿ. ಮೇಲಿನ ಬೂಷ್ಟು ತೆಗೆದು ಕೆಳಗಿನದ್ದು ತಿನ್ನುವವರಿದ್ದಾರೆ, ಬೇಡ. ಅದರ ಎಳೆ ಕಣ್ಣಿಗೆ ಕಾಣದೆ ಒಳಗೂ ಇಳಿದಿರುತ್ತದೆ. ಉಳಿದ ಹತ್ತು ಮನೆಗೂ ಒಂದು ಮಾತು ತಿಳಿಸಿಬಿಡಿ.

ಮುಂದಿನ ಸಲ ಪರಂಗಿಗೆ ನಿಂಬೆರಸ ಧಾರಾಳವಾಗಿ ಹಾಕಿ, ಪರಂಗಿಯಲ್ಲಿ ಹುಳಿ ತೀರಾ ಕಡಿಮೆ. ಸೀಬೆ ಸ್ವಲ್ಪ ದೋರೆಗಾಯಿ ಇರುವಾಗಲೇ ಬಳಸಿ, ಗಟ್ಟಿಯಾಗಿಸುವ ಪೆಕ್ಟಿನ್ ಆಗಲೇ ಜಾಸ್ತಿ ಇರುತ್ತದೆ. ಬಾಟಲಿ ಚಿಕ್ಕದು ಸಾಕು, ದೊಡ್ಡ ಬಾಟಲಿ ತೆಗೆದು ಮುಚ್ಚಿ ತೆಗೆದು ಮುಚ್ಚಿಯೇ ಹಾಳಾಗುತ್ತದೆ. ನೀರಿನಲ್ಲಿ ಮುಳುಗಿಸಿ ಹದಿನೈದು ನಿಮಿಷ ಕುದಿಸಿ, ಒರೆಸಬೇಡಿ, ಬಟ್ಟೆಯ ಮೇಲೆ ಬೋರಲು ಹಾಕಿ ನೀರು ಬಸಿಯಲು ಬಿಡಿ. ಜಾಮ್ ಬಿಸಿ ಇರುವಾಗಲೇ, ಬಾಟಲಿಯೂ ಬಿಸಿ ಇರುವಾಗಲೇ ತುಂಬಿ. ತಣ್ಣನೆ ಗಾಜಿಗೆ ಕುದಿಯುವುದನ್ನು ಸುರಿದರೆ ಸೀಳಿಹೋಗುತ್ತದೆ. ಮುಚ್ಚಳ ಮಾತ್ರ ಹೊಸದೇ ಇರಲಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಎಷ್ಟು ತೊಳೆದರೂ ಇಂಗಿನ ವಾಸನೆ ಬಿಡುವುದಿಲ್ಲ, ಒಳಗಡೆ ತುಕ್ಕು ಬೇರೆ ಹಿಡಿದಿರುತ್ತದೆ.

ಶುಗರ್ ಇರುವವರಿಗೆ ಕಡಿಮೆ ಸಕ್ಕರೆ ಜಾಮ್ ಅಂತ ಕೊಟ್ಟರೆ, ಪರವಾಗಿಲ್ಲ ಅಂತ ಎರಡು ಚಮಚ ಜಾಸ್ತಿಯೇ ತಿನ್ನುತ್ತಾರೆ. ಅವರಿಗೆ ಜಾಮ್ ಬೇಡ. ನಿಮ್ಮ ಮರದ ನಾಲ್ಕು ಸೀಬೆಕಾಯಿಯನ್ನು ಎಲೆ ಸಮೇತ ಕಿತ್ತು ಕೊಡಿ. ಉಳಿದವರಿಗೆ ಬಾಟಲಿಯ ಮೇಲೆ ಮಾಡಿದ ತಾರೀಖು ಬರೆದು, ಕೆಳಗೆ ಎರಡು ಸಾಲು: ‘ತೆರೆದ ಮೇಲೆ ಫ್ರಿಡ್ಜಿನಲ್ಲಿಡಿ. ಒಣ ಚಮಚ ಹಾಕಿ.’